ಎಷ್ಟನೆಯ ಅಕ್ಷರದಲ್ಲಿ?

‘ಕರ್ನಾಟಕ’ ಎಂಬ ಪದದೊಳಗೆ ‘ನಾಟಕ’ ಎಲ್ಲಿಂದ ಶುರುವಾಗುತ್ತದೆ? ಒರಾಕಲ್ ಡೇಟಾಬೇಸಿನ ಇನ್‌ಸ್ಟರ್ ಎಂಬ ಫಂಕ್ಷನ್ನನ್ನು ಕೇಳಿದರೆ 4 ಎಂಬ ಉತ್ತರ ಬರುತ್ತದೆ. ಪಠ್ಯ ಯುಟಿಎಫ್-8 ಪದ್ಧತಿಯಲ್ಲಿ ಇದ್ದರೆ ಅದೇ ಡೇಟಾಬೇಸಿನ ಇನ್‌ಸ್ಟರ್‌ಬಿ 10 ಎನ್ನುತ್ತದೆ. ಯೂನಿಕೋಡ್‌ಗೆ ಹೊಂದದ ಹಳೆಯ ನುಡಿ ಫಾಂಟಿನಲ್ಲಿ ಎರಡೂ ಪದಗಳನ್ನು ಟೈಪ್ ಮಾಡಿ ಹುಡುಕಿಸಿದರೆ ಸಿಗುವುದು 0, ಅಂದರೆ ಅಂಥದ್ದು ಇಲ್ಲಿ ಇಲ್ಲವೇ ಇಲ್ಲ. ಹಳಗನ್ನಡ ಛಂದಸ್ಸು ಬಲ್ಲವರು ಎರಡನೆಯ ಅಕ್ಷರದ ಮೇಲೆ ಬೆರಳಿಟ್ಟು, ಅಲ್ಲಿರುವುದು ‘ರ್ನಾ’, ‘ನಾ’ ಅಲ್ಲ ಎಂದಾರು. ನಾಲ್ಕು ಉತ್ತರಗಳೂ ತಂತಮ್ಮ ಲೆಕ್ಕದಲ್ಲಿ ಸರಿಯಾಗಿವೆ. ಒಂದು ತುಣುಕು ಎಷ್ಟನೆಯ ಸ್ಥಾನದಲ್ಲಿದೆ ಎಂಬುದು ಪಠ್ಯದಲ್ಲೇ ಅಡಗಿರುವ ಸಂಗತಿ, ಯಂತ್ರ ಅದನ್ನು ಹೆಕ್ಕಿ ಕೊಡುತ್ತದೆ ಅಷ್ಟೇ ಎಂದು ಡೇಟಾಬೇಸಿನೊಡನೆ ದಿನವಿಡೀ ಕೆಲಸ ಮಾಡುವವರು ನಂಬಿರುತ್ತಾರೆ. ಈ ಎಣಿಕೆಯ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೆ ಆ ನಂಬಿಕೆ ನಿಲ್ಲುವುದಿಲ್ಲ. ಯಾವುದನ್ನು ಒಂದು ಎಂದು ಎಣಿಸಬೇಕು, ಎಲ್ಲಿಂದ ಎಣಿಸಬೇಕು, ಸಿಗದಿದ್ದರೆ ಏನು ಹೇಳಬೇಕು ಎಂಬ ಮೂರು ಒಪ್ಪಂದಗಳು ಆ ಸಂಖ್ಯೆಗೆ ಮುಂಚೆಯೇ ಆಗಿರುತ್ತವೆ. ಆಯಾ ಕಾಲದ ಸಾಧನ ಏನಿತ್ತೋ ಅದು ಆ ಒಪ್ಪಂದಗಳನ್ನು ತೀರ್ಮಾನಿಸಿದೆ. ಕನ್ನಡದ ಮಟ್ಟಿಗೆ, ನಮ್ಮ ಲಿಪಿಯನ್ನು ಕಣ್ಣಮುಂದೆ ಇಟ್ಟುಕೊಳ್ಳದವರು ಮಾಡಿಕೊಂಡ ಒಪ್ಪಂದಗಳನ್ನೇ ನಾವು ಇಂದಿಗೂ ಬಳಸುತ್ತಿದ್ದೇವೆ.

ಕಂಪ್ಯೂಟರಿಗಿಂತ ಏಳು ಶತಮಾನ ಹಿಂದೆ, 13ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಇದರ ಒಂದು ದೊಡ್ಡ ಪ್ರಯೋಗ ನಡೆಯಿತು. ಹ್ಯೂ ಆಫ್ ಸೇಂಟ್-ಶೇರ್ ಎಂಬ ಡೊಮಿನಿಕನ್ ಪಾದ್ರಿಯ ಮುಂದಾಳುತನದಲ್ಲಿ ಅಲ್ಲಿನ ಮಠದ ಸನ್ಯಾಸಿಗಳು ಲ್ಯಾಟಿನ್ ಬೈಬಲ್ಲಿನ ಪದಗಳಿಗೆ ಅಕಾರಾದಿಯಾಗಿ ಒಂದು ಪದಸೂಚಿ ಕಟ್ಟಿದರು. ಯಾವ ಪದ ಎಲ್ಲೆಲ್ಲಿ ಬರುತ್ತದೆ ಎಂದು ಹೇಳಬೇಕಾದರೆ ‘ಎಲ್ಲಿ’ ಎನ್ನುವುದಕ್ಕೆ ಮೊದಲು ಒಂದು ಅಳತೆ ಬೇಕು. ಬೈಬಲ್ಲಿನ ಅಧ್ಯಾಯ ವಿಂಗಡಣೆ ಆಗಷ್ಟೇ ರೂಢಿಗೆ ಬಂದಿತ್ತು. ವಾಕ್ಯಗಳಿಗೆ ಸಂಖ್ಯೆ ಹಾಕುವ ಇಂದಿನ ಪದ್ಧತಿ ರೋಬೇರ್ ಎಸ್ತಿಯೆನ್ ಎಂಬ ಮುದ್ರಕನಿಂದ ಹೊಸ ಒಡಂಬಡಿಕೆಗೆ ಬಂದದ್ದು 1551ರಲ್ಲಿ. ಹಾಗಾಗಿ ಹ್ಯೂ ಮತ್ತು ಸಂಗಡಿಗರು ಪ್ರತಿ ಅಧ್ಯಾಯವನ್ನೂ ಮನಸ್ಸಿನಲ್ಲೇ ಏಳು ಭಾಗ ಮಾಡಿ, ಎ ಯಿಂದ ಜಿ ವರೆಗೆ ಒಂದೊಂದು ಭಾಗಕ್ಕೆ ಒಂದು ಅಕ್ಷರ ಕೊಟ್ಟರು. ಹಾಳೆಯ ಮೇಲೆ ಆ ಗೆರೆಗಳು ಇರಲಿಲ್ಲ. ಓದುಗ ಅಧ್ಯಾಯವನ್ನು ಅಂದಾಜಿನಲ್ಲಿ ಏಳಾಗಿ ಹಂಚಿಕೊಂಡು ಆ ಭಾಗಕ್ಕೆ ಕಣ್ಣು ಹಾಯಿಸಬೇಕಿತ್ತು. ಈ ಮೊದಲ ಪದಸೂಚಿ ಪದ ಬರುವ ವಾಕ್ಯವನ್ನು ಕೊಡಲಿಲ್ಲ. ಪುಸ್ತಕ, ಅಧ್ಯಾಯ, ಭಾಗ ಇಷ್ಟನ್ನೇ ಕೊಟ್ಟಿತು. ಇಂದಿನ ಡೇಟಾಬೇಸ್ ಫಂಕ್ಷನ್ ಕೂಡ ಅಷ್ಟನ್ನೇ ಕೊಡುತ್ತದೆ, ಬರಿಯ ಒಂದು ಸ್ಥಾನ. ಆ ಸ್ಥಾನ ಮೂಲ ಪಠ್ಯದಲ್ಲಿ ಇರಲಿಲ್ಲ, ಹುಡುಕುವವರ ಅನುಕೂಲಕ್ಕಾಗಿ ಅದನ್ನು ಕಟ್ಟಲಾಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ನಮ್ಮ ಕಡೆಯೂ ಋಗ್ವೇದಕ್ಕೆ ಎರಡು ವಿಳಾಸಗಳಿವೆ: 10 ಮಂಡಲ, ಅದರೊಳಗೆ ಸೂಕ್ತ, ಅದರೊಳಗೆ ಋಕ್ಕು ಎಂಬುದು ಒಂದು, 8 ಅಷ್ಟಕ, ಒಂದೊಂದರಲ್ಲಿ 8 ಅಧ್ಯಾಯ, ಅದರೊಳಗೆ ವರ್ಗ ಎಂಬುದು ಇನ್ನೊಂದು. ಋಷಿಕುಲವನ್ನು ನೋಡುವವರಿಗೆ ಮೊದಲನೆಯದು, ಪಾಠವನ್ನು ಸಮನಾಗಿ ಹಂಚಿ ಕಲಿಯುವವರಿಗೆ ಎರಡನೆಯದು. ಒಂದೇ ಋಕ್ಕಿಗೆ ಎರಡು ಸ್ಥಾನಗಳಿದ್ದರೂ ಯಾರೂ ತಬ್ಬಿಬ್ಬಾಗಲಿಲ್ಲ, ಏಕೆಂದರೆ ಯಾವ ಲೆಕ್ಕದಲ್ಲಿ ಮಾತಾಡುತ್ತಿದ್ದೇವೆ ಎಂದು ಮೊದಲೇ ಹೇಳುವ ರೂಢಿ ಇತ್ತು.

ಕನ್ನಡ ಕಾವ್ಯ ಇನ್ನೂ ಮುಂದೆ ಹೋಗಿ ಸ್ಥಾನವನ್ನೇ ನಿಯಮ ಮಾಡಿಕೊಂಡಿತು. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಆದಿಪ್ರಾಸವನ್ನು ಹಳಗನ್ನಡ ನಡುಗನ್ನಡ ಕವಿಗಳು ಶತಮಾನಗಟ್ಟಲೆ ಬಿಡದೆ ಪಾಲಿಸಿದರು. ವೃತ್ತಗಳೂ ಅಕ್ಷರದ ಎಣಿಕೆಯ ಮೇಲೆಯೇ ನಿಂತಿವೆ: ಉತ್ಪಲಮಾಲೆಗೆ ಪಾದಕ್ಕೆ 20, ಚಂಪಕಮಾಲೆಗೆ 21, ಮಹಾಸ್ರಗ್ಧರೆಗೆ 22. ಇಲ್ಲಿ ‘ಒಂದು’ ಎಂದರೆ ಏನು ಎಂಬುದರಲ್ಲಿ ಗೊಂದಲವಿಲ್ಲ. ಸ್ವರವೊಂದು, ಅದರ ಹಿಂದೆ ಎಷ್ಟೇ ವ್ಯಂಜನ ಒತ್ತಿಕೊಂಡು ಬಂದಿರಲಿ, ಒಂದೇ ಅಕ್ಷರ. ‘ಪ್ರಾಸ’ ಎಂಬ ಪದದಲ್ಲಿ ಎರಡು ಅಕ್ಷರ, ಎರಡನೆಯದು ‘ಸ’. ಯೂನಿಕೋಡ್ ಲೆಕ್ಕದಲ್ಲಿ ಅದೇ ‘ಸ’ ಐದನೆಯದು: ಪ, ವಿರಾಮ ಚಿಹ್ನೆ, ರ, ದೀರ್ಘದ ಇಳಿ, ಆಮೇಲೆ ಸ. ಆದಿಪ್ರಾಸವನ್ನು ಡೇಟಾಬೇಸಿನಲ್ಲಿ ಹುಡುಕಲು ಹೊರಟು ‘ಎರಡನೆಯ ಸ್ಥಾನ’ ಎಂದು ಬರೆದವರಿಗೆ ಈ ಪದದಲ್ಲಿ ಸಿಗುವುದು ಒಂದು ವಿರಾಮ ಚಿಹ್ನೆ.

ಯಂತ್ರದ ಕಾಲಕ್ಕೆ ಬಂದಾಗ ಮೊದಲ ತೀರ್ಮಾನ ಮಾಡಿದ್ದು ರಟ್ಟಿನ ಕಾರ್ಡು. ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ಬೂಸಾ 1949ರಲ್ಲಿ ಐಬಿಎಂನ ಮುಖ್ಯಸ್ಥ ಥಾಮಸ್ ವಾಟ್ಸನ್‌ರನ್ನು ಕಂಡು, ಮಧ್ಯಯುಗದ ದಾರ್ಶನಿಕ ಥಾಮಸ್ ಅಕ್ವಿನಾಸನ ಸಮಗ್ರ ಬರಹಕ್ಕೆ ಪದಸೂಚಿ ಮಾಡಲು ಕಂಪನಿಯ ನೆರವು ಪಡೆದರು. ಅದು ಮುದ್ರಣ ಕಂಡದ್ದು 1974ರಿಂದ, 56 ಸಂಪುಟಗಳಲ್ಲಿ. ಆ ಕೆಲಸ ಶುರುವಾದದ್ದು ಪಂಚ್ ಕಾರ್ಡಿನ ಮೇಲೆ. 1928ರಿಂದ ಬಳಕೆಗೆ ಬಂದ ಐಬಿಎಂ ಕಾರ್ಡಿನಲ್ಲಿ 80 ಕಾಲಂಗಳು, ಒಂದು ಕಾಲಮ್ಮಿಗೆ ಒಂದು ಲ್ಯಾಟಿನ್ ಅಕ್ಷರ ಅಥವಾ ಅಂಕಿ. ಅಕ್ಷರ, ಸಂಕೇತ, ಜಾಗ ಮೂರೂ ಅಲ್ಲಿ ಒಂದೇ ಆಗಿಬಿಟ್ಟವು. ಮೊದಲ ಕಾಲಂ 1, ಕೊನೆಯದು 80. 1957ರ ಫೋರ್ಟ್ರಾನ್ ಭಾಷೆಯಲ್ಲಿ ಸಾಲಿನ ಗುರುತಿನ ಸಂಖ್ಯೆ 1ರಿಂದ 5ನೆಯ ಕಾಲಮ್ಮಿನೊಳಗೆ, ಆದೇಶ 7ರಿಂದ 72ರೊಳಗೆ ಇರಬೇಕೆಂಬ ಕಟ್ಟಳೆಯೇ ಇತ್ತು. 60ರ ದಶಕದಲ್ಲಿ ಐಬಿಎಂ ತಂದ ಪಿಎಲ್/ಒನ್ ಭಾಷೆಯ ಇಂಡೆಕ್ಸ್ ಫಂಕ್ಷನ್ ಈ ಮನೋಭಾವವನ್ನೇ ಮುಂದುವರಿಸಿತು: ಎಣಿಕೆ 1ರಿಂದ, ಸಿಗದಿದ್ದರೆ 0. ಇದಕ್ಕೆ ಎದುರಾದ ಪದ್ಧತಿ ಸಿ ಭಾಷೆಯ ವಂಶದ್ದು. ಅಲ್ಲಿ ಸಂಖ್ಯೆ ಎಂದರೆ ಮೊದಲಿನಿಂದ ಎಷ್ಟು ದೂರ ಎಂದು ಅರ್ಥ, ಹಾಗಾಗಿ ಮೊದಲನೆಯದರ ಸಂಖ್ಯೆ 0. ಅದೇ ಜಾಡಿನ ಜಾವಾದಲ್ಲಿ ‘ಇಲ್ಲ’ ಎನ್ನಲು 0 ಉಳಿಯಲಿಲ್ಲ, -1 ತರಬೇಕಾಯಿತು. ಎಣಿಕೆ 0ಯಿಂದಲೇ ಶುರುವಾಗಬೇಕು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲಿ ಒಂದು ಸಣ್ಣ ಟಿಪ್ಪಣಿಯಲ್ಲಿ ಬಲವಾಗಿ ವಾದಿಸಿದ. ಅವನ ತರ್ಕದಲ್ಲಿ ಕೊರತೆ ಇಲ್ಲ. ಆದರೂ ಡೇಟಾಬೇಸುಗಳು ಕದಲಲಿಲ್ಲ. ಅವುಗಳ ಪ್ರಶ್ನೆ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಇಂದಿಗೂ ಮೊದಲ ಸ್ಥಾನ 1. ಕಾರ್ಡುಗಳನ್ನು ಗುಜರಿಗೆ ಹಾಕಿ ದಶಕಗಳಾದರೂ ಕಾಲಂ ಎಣಿಸುವ ಅಭ್ಯಾಸ ಹಾಗೇ ಉಳಿದಿದೆ.

ಡೇಟಾಬೇಸುಗಳಲ್ಲಿ ಸ್ಥಾನ ಹೇಳುವ ಫಂಕ್ಷನ್ನಿಗೆ ಒಂದೊಂದು ಕಡೆ ಒಂದೊಂದು ಹೆಸರು ಇರುವುದಕ್ಕೆ ಕಾರಣ ಕಾರ್ಡಿನಲ್ಲಿಲ್ಲ, 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ ಸಂಬಂಧಾತ್ಮಕ ಮಾದರಿಯಲ್ಲಿದೆ. ಕೋಷ್ಟಕದ ಒಂದು ಮನೆಯಲ್ಲಿ ಒಂದೇ ಒಂದು ಮೌಲ್ಯ ಇರಬೇಕು, ಡೇಟಾಬೇಸಿನ ದೃಷ್ಟಿಯಲ್ಲಿ ಅದು ಒಡೆಯಲಾಗದ್ದು ಎಂಬುದು ಆ ಮಾದರಿಯ ಬುನಾದಿ. ಹೆಸರಿನೊಳಗೆ ಇಣುಕಿ, ಅದರ ನಡುವಿನ ತುಣುಕನ್ನು ಹುಡುಕುವ ಅಗತ್ಯ ಬಿದ್ದರೆ, ಆ ತುಣುಕಿಗೆ ಬೇರೆಯೇ ಮನೆ ಕೊಡಬೇಕಿತ್ತು ಎಂದು ಈ ತತ್ತ್ವ ಹೇಳುತ್ತದೆ. 1974ರಲ್ಲಿ ಐಬಿಎಂನವರೇ ಆದ ಚೇಂಬರ್ಲಿನ್ ಮತ್ತು ಬಾಯ್ಸ್ ಪ್ರಕಟಿಸಿದ ಸೀಕ್ವೆಲ್ ಭಾಷೆ ಎಸ್‌ಕ್ಯೂಎಲ್ ಆಗಿ ಬೆಳೆದು 1986ರಲ್ಲಿ ಪ್ರಮಾಣೀಕರಣಗೊಂಡಾಗ ಪಠ್ಯದೊಳಗೆ ನೋಡಲು ಅದರಲ್ಲಿ ಇದ್ದದ್ದು ಲೈಕ್ ಒಂದೇ. ಅದು ‘ಇದೆ’ ಅಥವಾ ‘ಇಲ್ಲ’ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ತತ್ತ್ವ ಏನೇ ಇರಲಿ, ಕಚೇರಿಗಳ ಕಡತದಲ್ಲಿ ಹೆಸರು, ಮನೆತನ, ಊರು, ಪಿನ್‌ಕೋಡು ಎಲ್ಲ ಒಂದೇ ಮನೆಯಲ್ಲಿ ತುರುಕಿಕೊಂಡೇ ಬಂದವು. ಅವನ್ನು ಒಡೆಯದೆ ಕೆಲಸ ಸಾಗುವಂತಿರಲಿಲ್ಲ. ಪ್ರಮಾಣ ಬಿಟ್ಟ ಜಾಗವನ್ನು ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ತುಂಬಿತು.

ಒರಾಕಲ್‌ನದು ಇನ್‌ಸ್ಟರ್. ಸೈಬೇಸ್‌ನಲ್ಲಿ ಹುಟ್ಟಿ ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ಗೆ ಬಂದದ್ದು ಚಾರ್‌ಇಂಡೆಕ್ಸ್. ಡಿಬಿ2ನಲ್ಲಿ ಲೊಕೇಟ್, ಜೊತೆಗೆ ಪಾಸ್‌ಸ್ಟರ್. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟರ್‌ಪಾಸ್. ಹೆಸರು ಬೇರೆಯಾದರೆ ಕಲಿತುಕೊಳ್ಳಬಹುದು. ತೊಡಕು ಇರುವುದು ಕೊಡುವ ಕ್ರಮದಲ್ಲಿ. ಇನ್‌ಸ್ಟರ್‌ಗೆ ಮೊದಲು ಇಡೀ ಪಠ್ಯ, ಆಮೇಲೆ ಹುಡುಕಬೇಕಾದ ತುಣುಕು. ಚಾರ್‌ಇಂಡೆಕ್ಸ್‌ಗೂ ಲೊಕೇಟ್‌ಗೂ ಮೊದಲು ತುಣುಕು, ಆಮೇಲೆ ಪಠ್ಯ. ಮೈಎಸ್‌ಕ್ಯೂಎಲ್ ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡಿದೆ. ಅದರ ಇನ್‌ಸ್ಟರ್ ಮತ್ತು ಲೊಕೇಟ್ ಮಾಡುವುದು ಒಂದೇ ಕೆಲಸ, ಕ್ರಮ ಮಾತ್ರ ತಿರುವುಮುರುವು. ಗ್ರಾಹಕರ ಇಮೇಲ್ ವಿಳಾಸದಲ್ಲಿ ‘@’ ಚಿಹ್ನೆ ಎಲ್ಲಿದೆ ಎಂದು ಕೇಳುವಾಗ ಕ್ರಮ ತಪ್ಪಿದರೆ ಆ ಒಂಟಿ ಚಿಹ್ನೆಯೊಳಗೆ ಇಡೀ ವಿಳಾಸವನ್ನು ಹುಡುಕು ಎಂದಂತಾಗುತ್ತದೆ. ಯಂತ್ರ ತಪ್ಪು ತೋರಿಸುವುದಿಲ್ಲ, ಎಲ್ಲ ಸಾಲುಗಳಿಗೂ 0 ಎಂದು ಕೊಟ್ಟು ಸುಮ್ಮನಾಗುತ್ತದೆ. 0 ಎಂಬುದು ಸರಿಯಾದ ಪ್ರಶ್ನೆಗೆ ಬರಬಹುದಾದ ಉತ್ತರವೂ ಆದ್ದರಿಂದ, ಅಷ್ಟೂ ಗ್ರಾಹಕರ ಇಮೇಲ್ ಕೆಟ್ಟಿದೆ ಎಂದು ವರದಿ ಸಿದ್ಧವಾಗಿಬಿಡುತ್ತದೆ. ಏನನ್ನೂ ಕೊಡದೆ ಖಾಲಿ ತುಣುಕನ್ನು ಹುಡುಕಿಸಿದರೆ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ 1 ಎನ್ನುತ್ತವೆ, ಎಸ್‌ಕ್ಯೂಎಲ್ ಸರ್ವರ್ 0 ಎನ್ನುತ್ತದೆ, ಖಾಲಿ ಪಠ್ಯವನ್ನೇ ಒಪ್ಪದ ಒರಾಕಲ್ ಉತ್ತರವನ್ನೇ ಕೊಡದೆ ನಲ್ ಎನ್ನುತ್ತದೆ. ಹುಡುಕುವ ವೇಗವನ್ನು ಹೆಚ್ಚಿಸುವ ಎರಡು ಹೆಸರಾಂತ ಕ್ರಮವಿಧಿಗಳು, ನೂತ್-ಮಾರಿಸ್-ಪ್ರ್ಯಾಟ್ ಮತ್ತು ಬಾಯರ್-ಮೂರ್, ಎರಡೂ 1977ರಲ್ಲಿ ಪ್ರಕಟವಾದವು. ಬೇಗ ಹುಡುಕುವುದು ಹೇಗೆಂಬ ಪ್ರಶ್ನೆಯನ್ನು ಅವು ಚೆನ್ನಾಗಿ ಬಿಡಿಸಿದವು, ಯಾವುದನ್ನು ಎಣಿಸಬೇಕೆಂಬ ಪ್ರಶ್ನೆ ಅವುಗಳದಾಗಿರಲಿಲ್ಲ.

ಇದೆಲ್ಲ ಕಂಪನಿಗಳ ಪೈಪೋಟಿಯಿಂದ ಆದ ಗಲಿಬಿಲಿ, 1992ರ ಪ್ರಮಾಣ ಅದನ್ನು ಬಗೆಹರಿಸಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. 1992ರ ಎಸ್‌ಕ್ಯೂಎಲ್‌ನಲ್ಲಿ ಪೊಸಿಷನ್ ಎಂಬ ಫಂಕ್ಷನ್ ಬಂತು ನಿಜ. ‘ಇಂಥದ್ದು ಇಂಥದರಲ್ಲಿ’ ಎಂದು ನಡುವೆ ಇನ್ ಹಾಕಿ ಬರೆಯುವ ಅದರ ರೀತಿ ಬಹಳ ಒಳ್ಳೆಯದು, ಕ್ರಮ ತಪ್ಪಲು ಅವಕಾಶವೇ ಇಲ್ಲ. ಆದರೆ ಅಷ್ಟು ಹೊತ್ತಿಗೆ ಹಳೆಯ ಹೆಸರುಗಳಲ್ಲಿ ಬರೆದ ಸಾಲುಗಳು ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿಗಳಲ್ಲಿ ಬೇರು ಬಿಟ್ಟಿದ್ದವು. ಒರಾಕಲ್ ಮತ್ತು ಎಸ್‌ಕ್ಯೂಎಲ್ ಸರ್ವರ್ ತಮ್ಮ ಹಳೆಯ ಫಂಕ್ಷನ್ನುಗಳನ್ನೇ ನಡೆಸಿಕೊಂಡು ಬಂದವು. 2000ದಲ್ಲಿ ಹುಟ್ಟಿ ಇವತ್ತು ಮೊಬೈಲ್ ಫೋನುಗಳಲ್ಲಿ ಕೂತಿರುವ ಎಸ್‌ಕ್ಯೂಲೈಟ್, 2012ರ ಡಿಸೆಂಬರಿನಲ್ಲಿ ಸ್ಥಾನ ಹೇಳುವ ಫಂಕ್ಷನ್ನನ್ನು ಸೇರಿಸಿದಾಗ ಆರಿಸಿಕೊಂಡದ್ದೂ ಪ್ರಮಾಣದ ಪೊಸಿಷನ್ ಅಲ್ಲ, ಇನ್‌ಸ್ಟರ್. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಪ್ರಮಾಣ ಬಗೆಹರಿಸಿದ್ದು ಕ್ರಮದ ತೊಡಕನ್ನು. ಅಕ್ಷರವನ್ನು ಎಣಿಸಬೇಕೋ ಬೈಟನ್ನು ಎಣಿಸಬೇಕೋ ಎಂದು ಬರೆಯುವವರೇ ಹೇಳಬಹುದಾದ ಅವಕಾಶ ಪೊಸಿಷನ್‌ಗೆ ಬಂದದ್ದು 2003ರ ಆವೃತ್ತಿಯಲ್ಲಿ, ಯೂಸಿಂಗ್ ಎಂಬ ಪದದೊಡನೆ. ಒರಾಕಲ್ ಇದೇ ತೊಡಕಿಗೆ ಒಂದಲ್ಲ ಐದು ಫಂಕ್ಷನ್ನುಗಳನ್ನು ಇಟ್ಟುಕೊಂಡಿದೆ: ಇನ್‌ಸ್ಟರ್, ಇನ್‌ಸ್ಟರ್‌ಬಿ, ಇನ್‌ಸ್ಟರ್‌ಸಿ, ಇನ್‌ಸ್ಟರ್2, ಇನ್‌ಸ್ಟರ್4. ಎಲ್ಲಿದೆ ಎಂಬ ಒಂದೇ ಪ್ರಶ್ನೆಗೆ ಐದು ಬಾಗಿಲು ಇಡಬೇಕಾಗಿ ಬಂದದ್ದು, ಕಾರ್ಡಿನ ಕಾಲದ ‘ಒಂದು ಅಕ್ಷರ, ಒಂದು ಜಾಗ’ ಎಂಬ ಸಮೀಕರಣ ಮುರಿದದ್ದಕ್ಕೆ.

ಮುರಿದದ್ದು ಲ್ಯಾಟಿನ್ ಅಲ್ಲದ ಲಿಪಿಗಳು ಒಳಗೆ ಬಂದಾಗ. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಸಂಕೇತ ಪದ್ಧತಿ ನಮ್ಮ ದೇಶದಲ್ಲೇ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷದ ಯೂನಿಕೋಡ್ ಮೊದಲ ಆವೃತ್ತಿ ಕನ್ನಡಕ್ಕೆ ಇಸ್ಕಿಯ 1988ರ ಆವೃತ್ತಿಯ ಜಾಡನ್ನೇ ಹಿಡಿಯಿತು. ಒತ್ತಕ್ಷರವನ್ನು ಇಡಿಯಾಗಿ ಇಡದೆ ವ್ಯಂಜನ, ವಿರಾಮ ಚಿಹ್ನೆ, ವ್ಯಂಜನ ಎಂದು ಉಚ್ಚಾರದ ಕ್ರಮದಲ್ಲಿ ಬಿಡಿಸಿ ಇಡುವುದು ಆ ಜಾಡು. ‘ಕರ್ನಾಟಕ’ ಅಲ್ಲಿ 7 ಸಂಕೇತ: ಕ, ರ, ವಿರಾಮ, ನ, ದೀರ್ಘ, ಟ, ಕ. ನಾಲ್ಕನೆಯದು ‘ನ’, ಅಲ್ಲಿಂದ ‘ನಾಟಕ’. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಆದ್ದರಿಂದ ಅದೇ ‘ನ’ 10ನೆಯ ಬೈಟಿನಲ್ಲಿ. ಕನ್ನಡನಾಡಿನ ಕಚೇರಿ ಮತ್ತು ಮುದ್ರಣಾಲಯಗಳಲ್ಲಿ ಬಹುಕಾಲ ನಡೆದದ್ದಾದರೋ ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟ್ ಸಂಕೇತ. ಅಲ್ಲಿ ಎಣಿಕೆಗೆ ಸಿಗುವುದು ಕಣ್ಣಿಗೆ ಕಾಣುವ ಗೀರುಗಳು, ಅವನ್ನು ಪರದೆಯ ಮೇಲೆ ಎಡದಿಂದ ಬಲಕ್ಕೆ ಜೋಡಿಸಿದ ಕ್ರಮದಲ್ಲಿ: ಕ ದ ದೇಹ, ಅದರ ತಲೆಕಟ್ಟು, ನ ದ ದೇಹ, ದೀರ್ಘ, ಅರ್ಕಾವತ್ತು, ಟ, ಮತ್ತೆ ಕ ದ ದೇಹ, ತಲೆಕಟ್ಟು, ಒಟ್ಟು 8. ಉಚ್ಚಾರದಲ್ಲಿ ‘ನಾ’ಗೆ ಮುಂಚೆ ಬರುವ ರಕಾರ ಬರಹದಲ್ಲಿ ‘ನಾ’ ಆದ ಮೇಲೆ ಬಂದು ‘ನಾ’ಗೂ ‘ಟ’ಗೂ ನಡುವೆ ನಿಂತಿತು. ಅದಕ್ಕೇ ಅಲ್ಲಿ ‘ನಾಟಕ’ ಸಿಗುವುದಿಲ್ಲ. ಪುಟ ಅಚ್ಚಾಗಿ ಬರಲು ಈ ಪದ್ಧತಿ ಸಾಕಾಗಿತ್ತು. ಆ ಅಗತ್ಯವನ್ನು ಅದು ನಿಷ್ಠೆಯಿಂದ ಪೂರೈಸಿದ್ದನ್ನು ಮರೆಯಬಾರದು. ಹುಡುಕುವ ದಿನ ಬಂದಾಗ ಅದು ಕೈಕೊಟ್ಟಿತು.

ಯೂನಿಕೋಡ್ ಬಂದ ಮೇಲೆ ಎಲ್ಲ ಸರಿಹೋಯಿತೇ? ‘ಮರ್ಮ’ ಎಂಬ ಪದದಲ್ಲಿ ‘ಮರ’ವನ್ನು ಹುಡುಕಿಸಿ ನೋಡಿ. ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಡೇಟಾಬೇಸ್ 1 ಎಂದು ಕೊಡುತ್ತದೆ, ಏಕೆಂದರೆ ‘ಮರ್ಮ’ದ ಮೊದಲ ಎರಡು ಸಂಕೇತ ಮ ಮತ್ತು ರ, ವಿರಾಮ ಬರುವುದು ಮೂರನೆಯದಾಗಿ. ಕನ್ನಡ ಓದಬಲ್ಲ ಮಗುವೂ ಮರ್ಮದಲ್ಲಿ ಮರ ಇದೆ ಎನ್ನುವುದಿಲ್ಲ. ‘ಕೋ’ ಎಂಬ ಅಕ್ಷರವನ್ನು ಕ ಮತ್ತು ಓಕಾರ ಎಂದು 2 ಸಂಕೇತದಲ್ಲಿ ಇಡಬಹುದು, ಕ, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಬಿಡಿಸಿ 4 ಸಂಕೇತದಲ್ಲೂ ಇಡಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ, ಪರದೆಯ ಮೇಲೆ ಎರಡೂ ಒಂದೇ. ಆದರೆ ಅದರ ಮುಂದಿನ ಪ್ರತಿ ಅಕ್ಷರದ ಸ್ಥಾನ ಎರಡೆರಡು ಜರುಗುತ್ತದೆ.

ಇಲ್ಲಿ ಅನುಭವಿ ಎಂಜಿನಿಯರುಗಳು ಎತ್ತುವ ಆಕ್ಷೇಪ ಹಗುರವಾದದ್ದಲ್ಲ. ಸ್ಥಾನದ ಸಂಖ್ಯೆಯನ್ನು ಯಾರೂ ಓದುವುದಿಲ್ಲ, ಹುಡುಕಿದ ಫಂಕ್ಷನ್ ಕೊಟ್ಟದ್ದನ್ನು ಕತ್ತರಿಸುವ ಫಂಕ್ಷನ್ ತೆಗೆದುಕೊಳ್ಳುತ್ತದೆ, ಎರಡೂ ಒಂದೇ ಅಳತೆಯಲ್ಲಿ ಎಣಿಸಿದರೆ ಅಳತೆ ಯಾವುದಾದರೇನು ಎಂದು ಅವರು ಕೇಳುತ್ತಾರೆ. ಒಂದೇ ಯಂತ್ರದೊಳಗೆ, ‘@’ ಅಥವಾ ಅಲ್ಪವಿರಾಮದಂಥ ಚಿಹ್ನೆಯನ್ನು ಹುಡುಕಿ ಒಡೆಯುವ ತನಕ ಈ ಮಾತು ಸರಿ, ಈ ಫಂಕ್ಷನ್ನುಗಳ ಬಹುಪಾಲು ದುಡಿಮೆ ಅದೇ. ಸಂಖ್ಯೆ ಯಂತ್ರದಿಂದ ಹೊರಬಂದ ಕ್ಷಣ ಈ ವಾದ ಸೋಲುತ್ತದೆ. ಡೇಟಾಬೇಸ್ 1ರಿಂದ ಎಣಿಸಿದ್ದನ್ನು 0ಯಿಂದ ಎಣಿಸುವ ಜಾವಾ ಪ್ರೋಗ್ರಾಂ ತೆಗೆದುಕೊಂಡರೆ ಒಂದರ ವ್ಯತ್ಯಾಸ. ಬೈಟ್ ಲೆಕ್ಕದ ಡೇಟಾಬೇಸಿನಿಂದ ಸಂಕೇತ ಲೆಕ್ಕದ್ದಕ್ಕೆ ಹೋದರೆ ಕನ್ನಡದಲ್ಲಿ ಸುಮಾರು ಮೂರು ಪಟ್ಟು ವ್ಯತ್ಯಾಸ. ಒರಾಕಲ್‌ನಲ್ಲಿ ಬೇರೇನೂ ಹೇಳದೆ ಒಂದು ಅಂಕಣದ ಉದ್ದ 20 ಎಂದು ಬರೆದರೆ ಅದು 20 ಬೈಟ್. ಓದುವವರಿಗೆ ನಾಲ್ಕೇ ಅಕ್ಷರದ ‘ಕರ್ನಾಟಕ’ಕ್ಕೆ 21 ಬೈಟ್ ಬೇಕು, ಅದು ಅಲ್ಲಿ ಹಿಡಿಸುವುದಿಲ್ಲ. ಇಂಗ್ಲಿಷಿನಲ್ಲಿ ಬರೆದ ಅದೇ ಹೆಸರಿಗೆ 9 ಬೈಟ್ ಸಾಕು. ಅರ್ಜಿ ನಮೂನೆಯಲ್ಲಿ ‘ಗರಿಷ್ಠ 20 ಅಕ್ಷರ’ ಎಂದು ಕಂಡ ಕನ್ನಡಿಗ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲಾಗದೆ ಇಂಗ್ಲಿಷಿಗೆ ಹೊರಳುವುದಕ್ಕೆ ಇಂಥ ಲೆಕ್ಕವೂ ಒಂದು ಕಾರಣವಾದರೆ, ಅಳತೆ ಯಾವುದಾದರೇನು ಎನ್ನುವಂತಿಲ್ಲ.

ಅಕ್ಷರ ಎಂಬುದೂ ಖಚಿತವಾದ ಘಟಕವಲ್ಲ ಎಂಬ ಇನ್ನೊಂದು ಆಕ್ಷೇಪ ಭಾಷೆಯ ಕಡೆಯಿಂದ ಬರುತ್ತದೆ, ಮತ್ತು ಅದು ನಿಜ. ‘ಬಸ್’ ಎಂಬುದರಲ್ಲಿ ಎಷ್ಟು ಅಕ್ಷರ? ಛಂದಸ್ಸಿನ ಪ್ರಕಾರ ಕೊನೆಯ ವ್ಯಂಜನ ಹಿಂದಿನದಕ್ಕೆ ಸೇರಿಕೊಂಡು ಒಂದು ಗುರು. ಪದಬಂಧ ತುಂಬುವವರ ಪ್ರಕಾರ ಎರಡು ಮನೆ. ಕಂದಪದ್ಯ ಅಕ್ಷರವನ್ನು ಬಿಟ್ಟು ಮಾತ್ರೆಯನ್ನೇ ಎಣಿಸುತ್ತದೆ. ಆದರೆ ಇದು ನನ್ನ ವಾದಕ್ಕೆ ವಿರೋಧವಾಗುವುದಿಲ್ಲ. ಘಟಕ ಯಾವುದೆಂಬುದು ಉದ್ದೇಶಕ್ಕೆ ತಕ್ಕ ಒಪ್ಪಂದ ಎಂದೇ ನಾನು ಹೇಳುತ್ತಿರುವುದು. ಛಂದಸ್ಸಿನ ಶಾಸ್ತ್ರಕಾರರು ಆ ಒಪ್ಪಂದವನ್ನು ಬಾಯಿಬಿಟ್ಟು ಹೇಳಿ, ಲಕ್ಷಣ ಬರೆದು, ಉದಾಹರಣೆ ಕೊಟ್ಟರು. ಡೇಟಾಬೇಸಿನಲ್ಲಿ ಅದು ಹೇಳದೇ ಉಳಿದಿದೆ.

ಯೂನಿಕೋಡ್ ಸಂಸ್ಥೆಯೂ ಓದುಗರು ಒಂದೆಂದು ಕಾಣುವ ಗುಚ್ಛವನ್ನು ಗುರುತಿಸುವ ನಿಯಮಗಳನ್ನು ಪ್ರತ್ಯೇಕವಾಗಿ ಪ್ರಕಟಿಸಿದೆ. ಬಹುಕಾಲ ಆ ನಿಯಮಗಳು ಒತ್ತಕ್ಷರವನ್ನು ನಡುವೆ ಮುರಿಯುತ್ತಿದ್ದವು: ‘ರ್’ ಒಂದು, ‘ನಾ’ ಇನ್ನೊಂದು. 2023ರ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರವನ್ನು ಇಡಿಯಾಗಿ ಹಿಡಿಯುವ ನಿಯಮ ಬಂತು, ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಒತ್ತಕ್ಷರದ ರಚನೆಯಲ್ಲಿ ನಮ್ಮ ಲಿಪಿಗೆ ಅತಿ ಹತ್ತಿರದ ತೆಲುಗು ಒಳಗಿದ್ದು ಕನ್ನಡ ಹೊರಗುಳಿದದ್ದು ನನಗೆ ಸಹಿಸಲಾಗದ ಸಂಗತಿ. ಕನ್ನಡದ ನಿಘಂಟು, ಹಸ್ತಪ್ರತಿ, ಶಾಸನ, ಭೂದಾಖಲೆಗಳನ್ನು ಡೇಟಾಬೇಸಿಗೆ ಹಾಕುತ್ತಿರುವ ಸಂಸ್ಥೆಗಳು ತಮ್ಮ ಎಣಿಕೆ ಯಾವುದೆಂದು ಮೊದಲ ಪುಟದಲ್ಲೇ ಬರೆಯಬೇಕು, ಪಠ್ಯವನ್ನು ಒಳಗಿಡುವ ಮುನ್ನ ‘ಕೋ’ದಂಥ ಅಕ್ಷರಗಳನ್ನು ಒಂದೇ ರೂಪಕ್ಕೆ ತರಬೇಕು, ಜನರ ಕಣ್ಣಿಗೆ ಬೀಳುವ ಸ್ಥಾನವನ್ನೂ ಮಿತಿಯನ್ನೂ ಅಕ್ಷರದ ಲೆಕ್ಕದಲ್ಲಿ ಕೊಡುವ ಫಂಕ್ಷನ್ನನ್ನು ತಾವೇ ಬರೆದು ಎಲ್ಲರಿಗೂ ಬಿಡಬೇಕು. ಪ್ರಮಾಣದ ಪೊಸಿಷನ್‌ನಲ್ಲಿ ಯೂಸಿಂಗ್ ಎಂದಾದ ಮೇಲೆ ಬೈಟ್ ಲೆಕ್ಕ ಬೇಕೆಂದು ಬರೆಯಲು ಅವಕಾಶ ಇರುವಂತೆ, ಒತ್ತು ಗುಣಿತ ಸಮೇತವಾದ ಇಡೀ ಅಕ್ಷರ ಎಂದು ಬರೆಯುವ ಅವಕಾಶವೂ ಬೇಕೆಂದು ಪ್ರಮಾಣ ಸಮಿತಿಯನ್ನು ಕೇಳುವ ಹಕ್ಕು ಭಾರತೀಯ ಭಾಷೆಗಳನ್ನು ಆಡುವವರಿಗೆಲ್ಲ ಇದೆ.